ವಿಲ್ಸನ್ ಅಂದ್ರೆ ಯಾವ ವಿಲ್ಸನ್?

ಪ್ರಶ್ನೆ: ನಾನು ಧಾರವಾಡದ ನಿವೃತ್ತ ಶಿಕ್ಷಕ. ಹೈಸ್ಕೂಲ್ ಮಕ್ಕಳಿಗಾಗಿ ಅಮೆರಿಕದ ಇತಿಹಾಸದ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಪುಸ್ತಕ ಬರೆದಿದ್ದೇನೆ. ಬರವಣಿಗೆ ಮುಗಿಯಿತು. ಈಗ ಕೊನೆಯಲ್ಲಿ ಹೆಸರುಗಳ ಸೂಚಿ ಮಾಡಲು ಕೂತರೆ ತಲೆ ಕೆಟ್ಟುಹೋಗಿದೆ. 1868ರಲ್ಲಿ ಅಧ್ಯಕ್ಷ ಜಾನ್ಸನ್ ಮೇಲೆ ವಾಗ್ದಂಡನೆ ನಡೆದಾಗ ಅವರ ಪರವಾಗಿ ಮತ ಹಾಕಿದವರಲ್ಲಿ ಇನ್ನೊಬ್ಬ ಜಾನ್ಸನ್ ಇದ್ದಾರೆ. 1913ರಲ್ಲಿ ಅಧ್ಯಕ್ಷರೂ ವಿಲ್ಸನ್, ಅವರ ಸಂಪುಟದಲ್ಲೂ ಒಬ್ಬ ವಿಲ್ಸನ್. ನ್ಯೂಯಾರ್ಕಿನಲ್ಲಿ 200 ವರ್ಷದ ಹಿಂದೆಯೂ ಕ್ಲಿಂಟನ್, ಈಚೆಗೂ ಕ್ಲಿಂಟನ್. ಅಮೆರಿಕವನ್ನೂ ನಾಲ್ಕೈದು ಮನೆತನಗಳೇ ಆಳಿವೆ ಅಂತ ಒಂದು ವಾಟ್ಸಾಪ್ ಸಂದೇಶ ಬಂದಿತ್ತು. ಇದು ನಿಜವೇ? ಪುಸ್ತಕದಲ್ಲಿ ವಂಶವೃಕ್ಷದ ಒಂದು ಪುಟ ಹಾಕುವ ಆಸೆ ಇದೆ. ಇವರನ್ನೆಲ್ಲ ಬೇರೆ ಬೇರೆಯಾಗಿ ಗುರುತಿಸುವುದು ಹೇಗೆ?

ಉತ್ತರ: ಮಾಸ್ತರರೇ, ಸೂಚಿ ಮಾಡಲು ಕೂತಾಗಲೇ ನಿಮಗೆ ಈ ಅನುಮಾನ ಬಂದಿದ್ದು ಒಳ್ಳೆಯದಾಯಿತು. ಪುಸ್ತಕಗಳಿಗೆ ಸೂಚಿ ಮಾಡಿಕೊಡುವುದೇ ನನ್ನ ಕಸುಬು. ಒಳಗಿನ ಪುಟಗಳಲ್ಲಿ ಯಾರ ಕಣ್ಣಿಗೂ ಬೀಳದ ಗೊಂದಲ ಅಕಾರಾದಿಯಲ್ಲಿ ಜೋಡಿಸಿದ ಕೂಡಲೇ ಎದ್ದು ಕಾಣುತ್ತದೆ. ಒಂದೇ ‘ವಿಲ್ಸನ್’ ಮುಂದೆ ಹನ್ನೆರಡು ಪುಟಸಂಖ್ಯೆ ಬಂದರೆ, ಅದು ಒಬ್ಬನ ಕಥೆಯೋ ನಾಲ್ವರದೋ ಅನ್ನುವುದು ಆಗಲೇ ಗೊತ್ತಾಗುವುದು.

ಮೊದಲು ಚಿಕ್ಕ ಉತ್ತರ ಕೊಡುತ್ತೇನೆ. ನೀವು ಕೊಟ್ಟ ಮೂರು ಉದಾಹರಣೆಗಳಲ್ಲಿ ಒಂದರಲ್ಲೂ ನೆಂಟಸ್ತನ ಇಲ್ಲ. ವಾಟ್ಸಾಪ್ ಸಂದೇಶ ಅರ್ಧ ನಿಜ, ಅರ್ಧ ಸುಮ್ನೆ. ಆದರೆ ನಿಮಗೆ ನಿಜವಾದ ಅಪಾಯ ಇರುವುದು ಇಲ್ಲದ ನೆಂಟಸ್ತನ ಕಟ್ಟುವುದರಲ್ಲಲ್ಲ. ಅದನ್ನು ಯಾರಾದರೂ ಓದಿ ತಿದ್ದುತ್ತಾರೆ. ಇಬ್ಬರನ್ನು ಒಬ್ಬರನ್ನಾಗಿ ಮಾಡಿಬಿಡುವುದು ಅದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅದು ಯಾರಿಗೂ ತಿಳಿಯುವುದೇ ಇಲ್ಲ.

ಜಾನ್ಸನ್ ವಿಷಯ ನೋಡೋಣ. ವಾಗ್ದಂಡನೆ ಎದುರಿಸಿದ ಆಂಡ್ರ್ಯೂ ಜಾನ್ಸನ್ ನಾರ್ತ್ ಕೆರೊಲಿನಾದ ರಾಲಿಯಲ್ಲಿ ಕಡುಬಡವರ ಮನೆಯಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ದರ್ಜಿ ಕೆಲಸ ಕಲಿತು ಟೆನೆಸಿಗೆ ಹೋಗಿ ಅಂಗಡಿ ಇಟ್ಟರು. ಅವರ ಪರ ಮತ ಹಾಕಿದ ಸೆನೆಟರ್ ರೆವರ್ಡಿ ಜಾನ್ಸನ್ ಮೇರಿಲ್ಯಾಂಡಿನವರು. ಅವರ ತಂದೆ ಆ ರಾಜ್ಯದ ಅಟಾರ್ನಿ ಜನರಲ್ ಆಗಿದ್ದವರು. ಮಗನೂ ದೊಡ್ಡ ವಕೀಲ, ಅಧ್ಯಕ್ಷ ಟೇಲರ್ ಕಾಲದಲ್ಲಿ ಇಡೀ ದೇಶದ ಅಟಾರ್ನಿ ಜನರಲ್. ಎರಡು ಮನೆಗೂ ಸಂಬಂಧವೇ ಇಲ್ಲ. ರೆವರ್ಡಿ ಡೆಮಾಕ್ರಟ್, ಮತ್ತು ಅವತ್ತು ಡೆಮಾಕ್ರಟರೆಲ್ಲ ‘ತಪ್ಪಿತಸ್ಥ ಅಲ್ಲ’ ಎಂದೇ ಮತ ಹಾಕಿದರು. 54 ಸೆನೆಟರುಗಳಲ್ಲಿ 35 ಮತ ವಿರುದ್ಧ, 19 ಪರ. ಪದಚ್ಯುತಿಗೆ 36 ಬೇಕಿತ್ತು. ಒಂದೇ ಒಂದು ಮತದಲ್ಲಿ ಉಳಿದುಕೊಂಡರು ಅನ್ನುತ್ತೇವಲ್ಲ, ಆ ಒಂದು ಮತವನ್ನು ಇನ್ನೊಬ್ಬ ಜಾನ್ಸನ್ ತಲೆಗೆ ಕಟ್ಟಿದರೆ ಕಥೆ ಬಹಳ ರುಚಿಯಾಗುತ್ತದೆ, ಹಾಗಾಗಿಯೇ ಅನುಮಾನ ಪಡಬೇಕು. ಕಥೆಯನ್ನು ನಿಜವಾಗಿ ತಿರುಗಿಸಿದ್ದು ಸ್ವಂತ ಪಕ್ಷದ ವಿರುದ್ಧ ನಿಂತ ಏಳು ರಿಪಬ್ಲಿಕನ್ನರು.

ಇನ್ನು ಲಿಂಡನ್ ಜಾನ್ಸನ್. ಇವರೂ ದಕ್ಷಿಣದವರು, ಇವರೂ ಉಪಾಧ್ಯಕ್ಷರಾಗಿದ್ದಾಗ ಅಧ್ಯಕ್ಷರ ಕೊಲೆಯಾಗಿ ಆ ಕುರ್ಚಿಗೆ ಬಂದವರು. ಒಬ್ಬರು ಹುಟ್ಟಿದ್ದು 1808, ಇನ್ನೊಬ್ಬರು 1908. ಲಿಂಕನ್ ಮತ್ತು ಕೆನಡಿಯ ನಡುವಿನ ಹೋಲಿಕೆಗಳು ಅಂತ ಓಡಾಡುವ ಪಟ್ಟಿಗಳಲ್ಲಿ ಇದು ಇದ್ದೇ ಇರುತ್ತದೆ. ಎಲ್ಲ ನಿಜ. ಆದರೆ ಇಬ್ಬರೂ ನೆಂಟರಲ್ಲ. ಮಕ್ಕಳ ಪುಸ್ತಕದಲ್ಲಿ ಇದನ್ನು ಒಂದು ತಮಾಷೆಯ ಚೌಕದಲ್ಲಿ ಹಾಕಿ, ಪಕ್ಕದಲ್ಲೇ ‘ಕಾಕತಾಳೀಯ’ ಅಂತ ಬರೆಯಿರಿ. ಮಕ್ಕಳಿಗೆ ಇಂಥದ್ದು ನೆನಪಿರುತ್ತದೆ.

ವಿಲ್ಸನ್ ವಿಷಯ ಇನ್ನೂ ಸ್ವಾರಸ್ಯ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1913ರ ಮಾರ್ಚ್ ಮೊದಲ ವಾರ ತೆಗೆದುಕೊಳ್ಳಿ. ಮಾರ್ಚ್ 4ಕ್ಕೆ ವುಡ್ರೊ ವಿಲ್ಸನ್ ಅಧ್ಯಕ್ಷರಾದರು. ಅದೇ ದಿನ, ಅಧಿಕಾರ ಬಿಡುವ ಕೊನೆಯ ಗಳಿಗೆಯಲ್ಲಿ, ಟಾಫ್ಟ್ ಅವರು ಕಾರ್ಮಿಕ ಇಲಾಖೆ ಹುಟ್ಟುಹಾಕುವ ಮಸೂದೆಗೆ ಸಹಿ ಹಾಕಿದ್ದರು. ಆ ಹೊಸ ಇಲಾಖೆಯ ಮೊದಲ ಕಾರ್ಯದರ್ಶಿ, ನಮ್ಮ ಲೆಕ್ಕದಲ್ಲಿ ಮಂತ್ರಿ, ವಿಲಿಯಂ ಬಿ. ವಿಲ್ಸನ್. ಸ್ಕಾಟ್ಲೆಂಡಿನ ಬ್ಲಾಂಟೈರ್‌ನಲ್ಲಿ ಹುಟ್ಟಿ, ಎಂಟು ವರ್ಷಕ್ಕೆ ಪೆನ್ಸಿಲ್ವೇನಿಯಾಕ್ಕೆ ಬಂದು, ಮುಂದಿನ ವರ್ಷವೇ ಕಲ್ಲಿದ್ದಲು ಗಣಿಗೆ ಇಳಿದ ಹುಡುಗ. ಗಣಿ ಕಾರ್ಮಿಕರ ಸಂಘದಿಂದ ಮೇಲೆ ಬಂದವರು. ವುಡ್ರೊ ವರ್ಜೀನಿಯಾದಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದವರು. ಇವರಿಬ್ಬರ ನಡುವೆ ರಾಜಕೀಯದ ನಂಟು ಇತ್ತೇ ಹೊರತು ರಕ್ತದ್ದಲ್ಲ.

ಈಗ ನಿಮ್ಮನ್ನು ಎಡವಿಸುವ ಮೂರನೆಯವರು ಬರುತ್ತಾರೆ. ಅದೇ ವಾರ ಕೃಷಿ ಇಲಾಖೆಯಿಂದ ಇನ್ನೊಬ್ಬ ವಿಲ್ಸನ್ ಹೊರನಡೆದರು. ಹೆಸರು ಜೇಮ್ಸ್. 1897ರಿಂದ ಮೆಕಿನ್ಲಿ, ರೂಸ್‌ವೆಲ್ಟ್, ಟಾಫ್ಟ್ ಮೂವರ ಕೈಕೆಳಗೂ ಅದೇ ಹುದ್ದೆಯಲ್ಲಿದ್ದವರು. ಅಮೆರಿಕದ ಸಂಪುಟದಲ್ಲಿ ಅಷ್ಟು ದೀರ್ಘ ಕಾಲ ಕೂತವರು ಬೇರೆ ಯಾರೂ ಇಲ್ಲ. ಅಂದರೆ ಆ ವರ್ಷದ ಫೆಬ್ರುವರಿಯ ಕಾಗದದಲ್ಲಿ ‘ಕಾರ್ಯದರ್ಶಿ ವಿಲ್ಸನ್’ ಅಂದರೆ ಒಬ್ಬರು, ಏಪ್ರಿಲ್ ಕಾಗದದಲ್ಲಿ ಅದೇ ಮಾತು ಇನ್ನೊಬ್ಬರು. ನಿಮ್ಮ ಕರಡಿನಲ್ಲಿ ‘1913’ ಅಂತ ಬರೀ ವರ್ಷ ಹಾಕಿದ ಜಾಗಗಳನ್ನು ಮತ್ತೊಮ್ಮೆ ತೆಗೆದು ನೋಡಿ. ಅಲ್ಲಿ ತಿಂಗಳೂ ಬೇಕು.

ಈ ಜೇಮ್ಸ್ ವಿಲ್ಸನ್ನರೂ ಸ್ಕಾಟ್ಲೆಂಡಿನಲ್ಲೇ ಹುಟ್ಟಿದವರು, ಆಯರ್‌ಶೈರ್ ಕಡೆಯವರು. ಅಯೋವಾ ರಾಜ್ಯದ ಟಾಮಾ ಕೌಂಟಿಯಲ್ಲಿ ನೆಲೆಸಿದರು. ಅಲ್ಲೇ ಇನ್ನೊಬ್ಬ ಜೇಮ್ಸ್ ವಿಲ್ಸನ್ ಇದ್ದರು, ಜೆಫರ್ಸನ್ ಕೌಂಟಿಯವರು, ಒಹಾಯೋದಲ್ಲಿ ಹುಟ್ಟಿ ಬಂದ ವಕೀಲರು. 1883ರಿಂದ 1885ರವರೆಗೆ ಒಬ್ಬರು ಕೆಳಮನೆಯಲ್ಲಿ, ಇನ್ನೊಬ್ಬರು ಸೆನೆಟ್‌ನಲ್ಲಿ, ಇಬ್ಬರೂ ಅಯೋವಾದವರು, ಇಬ್ಬರೂ ರಿಪಬ್ಲಿಕನ್ನರು, ಇಬ್ಬರೂ ಜಿಮ್ ವಿಲ್ಸನ್. ಜನ ಏನು ಮಾಡಿದರು? ಒಬ್ಬರನ್ನು ‘ಟಾಮಾ ಜಿಮ್’ ಅಂದರು, ಇನ್ನೊಬ್ಬರನ್ನು ‘ಜೆಫರ್ಸನ್ ಜಿಮ್’ ಅಂದರು. ಹುದ್ದೆಗಿಂತ ಊರು ಹೆಚ್ಚು ಕೆಲಸಕ್ಕೆ ಬಂತು. ಅಂದಹಾಗೆ, ಆಂಡ್ರ್ಯೂ ಜಾನ್ಸನ್ ವಿರುದ್ಧ ವಾದಿಸಲು ಕೆಳಮನೆ ಕಳಿಸಿದ ಏಳು ಜನರಲ್ಲಿ ಈ ಜೆಫರ್ಸನ್ ಜಿಮ್ ಒಬ್ಬರು, ಹಾಗಾಗಿ ನಿಮ್ಮ 1868ರ ಅಧ್ಯಾಯದಲ್ಲೂ ಒಬ್ಬ ವಿಲ್ಸನ್ ಇರಬಹುದು. ಅದೇ ಅಧ್ಯಾಯದಲ್ಲಿ ಸೆನೆಟರ್ ಹೆನ್ರಿ ವಿಲ್ಸನ್ ಕೂಡ ಇರುತ್ತಾರೆ, ಮ್ಯಾಸಚೂಸೆಟ್ಸ್‌ನವರು, ಮುಂದೆ ಗ್ರಾಂಟ್ ಅವರ ಉಪಾಧ್ಯಕ್ಷರಾದವರು.

ಹೆನ್ರಿಯವರದು ಇನ್ನೂ ಮಜಾ. ಅವರು ಹುಟ್ಟಾ ವಿಲ್ಸನ್ ಅಲ್ಲವೇ ಅಲ್ಲ. 1812ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಜೆರೆಮಯಾ ಜೋನ್ಸ್ ಕೋಲ್ಬಾತ್. ಬಡ ಅಪ್ಪ ಮಗನನ್ನು ಹೊಲದ ಕೆಲಸಕ್ಕೆ ಕರಾರು ಮಾಡಿ ಬಿಟ್ಟಿದ್ದ. 21 ತುಂಬಿ ಕರಾರು ಮುಗಿದ ಮೇಲೆ ಹುಡುಗ ಕಾನೂನಿನ ಪ್ರಕಾರವೇ ಹೆಸರು ಬದಲಿಸಿಕೊಂಡ, ನೇಟಿಕ್‌ಗೆ ಹೋಗಿ ಚಪ್ಪಲಿ ಹೊಲಿಯುವುದನ್ನು ಕಲಿತ. ಇವರನ್ನು ವಿಲ್ಸನ್ ವಂಶವೃಕ್ಷದಲ್ಲಿ ಯಾವ ಕೊಂಬೆಗೆ ಕಟ್ಟುತ್ತೀರಿ?

ಇದು ಒಬ್ಬರ ಕಥೆಯಲ್ಲ. ಬಿಲ್ ಕ್ಲಿಂಟನ್ ಹುಟ್ಟಿದ್ದು ವಿಲಿಯಂ ಜೆಫರ್ಸನ್ ಬ್ಲೈತ್ ಆಗಿ. ಅಪ್ಪ ಇವರು ಹುಟ್ಟುವ ಮೊದಲೇ ಅಪಘಾತದಲ್ಲಿ ತೀರಿಕೊಂಡರು. ಕ್ಲಿಂಟನ್ ಅನ್ನುವುದು ಮಲತಂದೆಯ ಹೆಸರು. ಹಿಲರಿಯವರಿಗೆ ಅದು ಮದುವೆಯಿಂದ ಬಂತು. ಹಾಗಾಗಿ 2001ರಲ್ಲಿ ನ್ಯೂಯಾರ್ಕಿನ ಸೆನೆಟರ್ ಆದ ಹಿಲರಿ ಕ್ಲಿಂಟನ್‌ಗೂ, 1802ರಲ್ಲಿ ಅದೇ ನ್ಯೂಯಾರ್ಕಿನ ಸೆನೆಟರ್ ಆದ ಡಿವಿಟ್ ಕ್ಲಿಂಟನ್‌ಗೂ ಎಳ್ಳಷ್ಟೂ ಸಂಬಂಧ ಇಲ್ಲ. ಈರಿ ಕಾಲುವೆ ತೋಡಿಸಿದವರು ಈ ಡಿವಿಟ್. ಅವರ ಚಿಕ್ಕಪ್ಪ ಜಾರ್ಜ್ ಕ್ಲಿಂಟನ್ ನ್ಯೂಯಾರ್ಕಿನ ಮೊದಲ ಗವರ್ನರ್, ಆಮೇಲೆ ಜೆಫರ್ಸನ್ ಮತ್ತು ಮ್ಯಾಡಿಸನ್ ಇಬ್ಬರಿಗೂ ಉಪಾಧ್ಯಕ್ಷ. ಆ ಚಿಕ್ಕಪ್ಪ ಮತ್ತು ಮಗನ ಸಂಬಂಧ ನಿಜ, ಅದನ್ನು ಹಾಕಿಕೊಳ್ಳಿ. ಜೆರಾಲ್ಡ್ ಫೋರ್ಡ್ ಕೂಡ ಹೀಗೇ, ಹುಟ್ಟಿದ್ದು ಲೆಸ್ಲಿ ಲಿಂಚ್ ಕಿಂಗ್ ಜೂನಿಯರ್ ಆಗಿ, ಫೋರ್ಡ್ ಅನ್ನುವುದು ಮಲತಂದೆಯ ಹೆಸರು.

ಯಾಕೆ ಹೀಗೆ ಅಂದರೆ ಕಾರಣ ಸರಳ. ಜಾನ್ಸನ್, ವಿಲ್ಸನ್, ಹ್ಯಾರಿಸನ್ ಇವೆಲ್ಲ ‘ಇಂಥವನ ಮಗ’ ಅನ್ನುವ ಹೆಸರುಗಳು. ಇಂಗ್ಲೆಂಡ್, ಸ್ಕಾಟ್ಲೆಂಡಿನ ಊರೂರಲ್ಲಿ ಬೇರೆ ಬೇರೆಯಾಗಿ ಹುಟ್ಟಿಕೊಂಡವು. ಅಲ್ಲಿಂದ ಹಡಗು ಹತ್ತಿದವರ ಜೊತೆ ಬಂದವು. ಸ್ವೀಡನ್ನಿನಿಂದ ಬಂದವರೂ ಜಾನ್ಸನ್ ಆದರು. ಮಿನೆಸೋಟದ ಗವರ್ನರ್ ಆಗಿದ್ದ ಜಾನ್ ಆಲ್ಬರ್ಟ್ ಜಾನ್ಸನ್ ಸ್ವೀಡಿಷ್ ದಂಪತಿಯ ಮಗ. ಗುಲಾಮಗಿರಿಯಿಂದ ಬಿಡುಗಡೆಯಾದ ಲಕ್ಷಾಂತರ ಜನ ತಮಗೆ ಬೇಕಾದ ಹೆಸರು ಇಟ್ಟುಕೊಂಡರು, ಅದರಲ್ಲಿ ವಾಷಿಂಗ್ಟನ್ ಅನ್ನುವುದು ಬಹಳ. ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳೇ ಇರಲಿಲ್ಲ. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬುಷ್‌ರಾಡ್ ವಾಷಿಂಗ್ಟನ್ ಅವರ ತಮ್ಮನ ಮಗ. ಆದರೆ 1983ರಲ್ಲಿ ಶಿಕಾಗೋದ ಮೊದಲ ಕಪ್ಪು ಮೇಯರ್ ಆದ ಹೆರಾಲ್ಡ್ ವಾಷಿಂಗ್ಟನ್ ಹೆಸರು ಕಂಡು ಯಾರಾದರೂ ಗೆರೆ ಎಳೆದರೆ ಅದು ಗೆರೆಯಷ್ಟೇ. ನಿಮ್ಮ ಧಾರವಾಡದ ಕಡೆ ಎಷ್ಟು ಪಾಟೀಲರಿಲ್ಲ, ಅವರೆಲ್ಲ ಅಣ್ಣತಮ್ಮಂದಿರು ಅಂತ ನೀವು ಬರೆಯುತ್ತೀರಾ?

ಹಾಗಂತ ಮನೆತನಗಳೇ ಇಲ್ಲ ಅಂತಲ್ಲ. ಜಾನ್ ಆಡಮ್ಸ್ ಮತ್ತು ಜಾನ್ ಕ್ವಿನ್ಸಿ ಆಡಮ್ಸ್ ತಂದೆ ಮಗ. ವಿಲಿಯಂ ಹೆನ್ರಿ ಹ್ಯಾರಿಸನ್ ಮತ್ತು ಬೆಂಜಮಿನ್ ಹ್ಯಾರಿಸನ್ ಅಜ್ಜ ಮೊಮ್ಮಗ. ನಡುವಿನ ಜಾನ್ ಸ್ಕಾಟ್ ಹ್ಯಾರಿಸನ್ ಅಧ್ಯಕ್ಷರ ಮಗ ಮತ್ತು ಅಧ್ಯಕ್ಷರ ಅಪ್ಪ, ಎರಡೂ ಆದ ಒಬ್ಬರೇ ಮನುಷ್ಯ. ಇಬ್ಬರು ಬುಷ್‌ಗಳು ತಂದೆ ಮಗ, ಅಜ್ಜ ಪ್ರೆಸ್ಕಾಟ್ ಬುಷ್ ಕನೆಕ್ಟಿಕಟ್‌ನ ಸೆನೆಟರ್. ರೂಸ್‌ವೆಲ್ಟರು ಮಾತ್ರ ಜನ ಅಂದುಕೊಂಡಷ್ಟು ಹತ್ತಿರದವರಲ್ಲ. ಥಿಯೊಡೋರ್ ಮತ್ತು ಫ್ರಾಂಕ್ಲಿನ್ ಐದು ತಲೆಮಾರು ದೂರದ ದಾಯಾದಿಗಳು. ಹತ್ತಿರದ ನೆಂಟಸ್ತನ ಇದ್ದದ್ದು ಫ್ರಾಂಕ್ಲಿನ್ ಅವರ ಹೆಂಡತಿ ಎಲಿನೋರ್ ಕಡೆಯಿಂದ, ಅವರು ಥಿಯೊಡೋರ್ ಅವರ ತಮ್ಮನ ಮಗಳು. 1905ರ ಮದುವೆಯಲ್ಲಿ ಹುಡುಗಿಯನ್ನು ಧಾರೆ ಎರೆದುಕೊಟ್ಟವರು ಆಗ ಅಧ್ಯಕ್ಷರಾಗಿದ್ದ ಈ ದೊಡ್ಡಪ್ಪನೇ.

ಸರಿ, ಗುರುತಿಸುವುದು ಹೇಗೆ?

ಎಲ್ಲರೂ ಮೊದಲು ಹಿಡಿಯುವುದು ನಡುವಿನ ಇನಿಷಿಯಲ್. ಅದನ್ನು ನಂಬಿ, ಆದರೆ ಅದೊಂದನ್ನೇ ನಂಬಬೇಡಿ. 1950ರ ದಶಕದಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ಸೆನೆಟರ್ ಜಾನ್ ಎಫ್. ಕೆನಡಿ. ಅದೇ ಕಾಲದಲ್ಲಿ ಅದೇ ರಾಜ್ಯದ ಖಜಾಂಚಿಯ ಹೆಸರೂ ಜಾನ್ ಎಫ್. ಕೆನಡಿ. ಇವರು ಜಾನ್ ಫ್ರಾನ್ಸಿಸ್, ಜಿಲೆಟ್ ಬ್ಲೇಡ್ ಕಂಪನಿಯ ಸ್ಟೋರ್ ರೂಮಿನಲ್ಲಿ ಕೆಲಸಕ್ಕಿದ್ದವರು. 1954ರಲ್ಲಿ ಚುನಾವಣೆಗೆ ನಿಂತರು, ಗೆದ್ದರು, ಮತ್ತೆರಡು ಸಲ ಗೆದ್ದರು. ಆ ಪ್ರಸಿದ್ಧ ಕುಟುಂಬಕ್ಕೂ ಇವರಿಗೂ ಏನೂ ಸಂಬಂಧ ಇರಲಿಲ್ಲ. ಇನಿಷಿಯಲ್ ಒಂದೇ, ರಾಜ್ಯ ಒಂದೇ, ಪಕ್ಷವೂ ಒಂದೇ.

ಪೆನ್ಸಿಲ್ವೇನಿಯಾದಲ್ಲಿ ಇದು ಇನ್ನೂ ಮುಂದಕ್ಕೆ ಹೋಯಿತು. ಅಲ್ಲಿ ರಾಬರ್ಟ್ ಪಿ. ಕೇಸಿ ಅನ್ನುವವರು ರಾಜ್ಯದ ಲೆಕ್ಕಪರಿಶೋಧಕರಾಗಿ ಹೆಸರು ಮಾಡಿದ್ದರು. 1976ರಲ್ಲಿ ರಾಬರ್ಟ್ ಇ. ಕೇಸಿ ಅನ್ನುವ ಒಬ್ಬ ಕೌಂಟಿ ಅಧಿಕಾರಿ ಖಜಾಂಚಿ ಹುದ್ದೆಗೆ ನಿಂತು, ಪ್ರಚಾರವೂ ಸರಿಯಾಗಿ ಮಾಡದೆ ಗೆದ್ದುಬಿಟ್ಟರು. 1978ರಲ್ಲಿ ಹಳೆಯ ಕೇಸಿ ಗವರ್ನರ್ ಟಿಕೆಟ್‌ಗೆ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ನಿಂತರು. ಅದೇ ಮತಪತ್ರದಲ್ಲಿ ಉಪಗವರ್ನರ್ ಜಾಗಕ್ಕೆ ಇನ್ನೊಬ್ಬ ರಾಬರ್ಟ್ ಪಿ. ಕೇಸಿ! ಪಿಟ್ಸ್‌ಬರ್ಗಿನ ಶಾಲಾ ಶಿಕ್ಷಕರು, ಐಸ್‌ಕ್ರೀಂ ಅಂಗಡಿಯನ್ನೂ ಇಟ್ಟುಕೊಂಡಿದ್ದವರು. ಮೇಷ್ಟ್ರು ಗೆದ್ದರು, ಹೆಸರಾಂತ ಕೇಸಿ ಸೋತರು. ಅವರು ಗವರ್ನರ್ ಆಗಲು 1986ರ ಚುನಾವಣೆವರೆಗೆ ಕಾಯಬೇಕಾಯಿತು. ಮುಂದೆ ಅವರ ಮಗ ಬಾಬ್ ಕೇಸಿ ಜೂನಿಯರ್ ಕೂಡ ಅದೇ ರಾಜ್ಯದ ಖಜಾಂಚಿಯಾದರು, ಆಮೇಲೆ ಸೆನೆಟರ್. ಹಾಗಾಗಿ ‘ಪೆನ್ಸಿಲ್ವೇನಿಯಾದ ಖಜಾಂಚಿ ರಾಬರ್ಟ್ ಕೇಸಿ’ ಅಂತ ವರ್ಷ ಇಲ್ಲದೆ ಬರೆದರೆ ಅದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಜೋಡಿ ನಿಮ್ಮ ಕೊನೆಯ ಅಧ್ಯಾಯಗಳಲ್ಲಿ ಬರಬಹುದು: ಚಾರ್ಲ್ಸ್ ಇ. ವಿಲ್ಸನ್ ಮತ್ತು ಚಾರ್ಲ್ಸ್ ಇ. ವಿಲ್ಸನ್. ಒಬ್ಬರು ಜನರಲ್ ಎಲೆಕ್ಟ್ರಿಕ್ ಕಂಪನಿಯ ಮುಖ್ಯಸ್ಥರಾಗಿದ್ದು ಟ್ರೂಮನ್ ಕಾಲದಲ್ಲಿ ರಕ್ಷಣಾ ಸಿದ್ಧತೆಯ ಕಚೇರಿ ನಡೆಸಿದವರು. ಇನ್ನೊಬ್ಬರು ಜನರಲ್ ಮೋಟಾರ್ಸ್ ಮುಖ್ಯಸ್ಥರಾಗಿದ್ದು 1953ರಲ್ಲಿ ಐಸೆನ್‌ಹೋವರ್ ಅವರ ರಕ್ಷಣಾ ಕಾರ್ಯದರ್ಶಿಯಾದವರು. ಪತ್ರಿಕೆಯವರು ಬೇಸತ್ತು ಒಬ್ಬರಿಗೆ ‘ಎಲೆಕ್ಟ್ರಿಕ್ ಚಾರ್ಲಿ’, ಇನ್ನೊಬ್ಬರಿಗೆ ‘ಎಂಜಿನ್ ಚಾರ್ಲಿ’ ಅಂತ ಹೆಸರಿಟ್ಟರು. ಇಲ್ಲಿ ಅಡ್ಡಹೆಸರು ಪೂರ್ತಿ ಹೆಸರಿಗಿಂತ ಸ್ಪಷ್ಟ. ಸೂಚಿಯಲ್ಲಿ ಧಾರಾಳವಾಗಿ ಹಾಕಿ, ಅಗೌರವ ಏನಲ್ಲ.

ಇನಿಷಿಯಲ್ ಬಿಡಿಸಿ ಪೂರ್ತಿ ಬರೆಯುವುದು ಉತ್ತಮ ದಾರಿ. ಇದರಲ್ಲಿ ಒಂದು ಲಾಭವೂ ಇದೆ. ನಮ್ಮಲ್ಲಿ ಇನಿಷಿಯಲ್ ಅಂದರೆ ಊರು, ಅಪ್ಪ. ಅವರಲ್ಲಿ ಅದು ಎಷ್ಟೋ ಸಲ ತಾಯಿಯ ತವರಿನ ಹೆಸರು. ಲಿಂಡನ್ ಬೇನ್ಸ್, ಜಾನ್ ಫಿಟ್ಜ್‌ಜೆರಾಲ್ಡ್, ಫ್ರಾಂಕ್ಲಿನ್ ಡೆಲಾನೊ, ಎಲ್ಲವೂ ಅಮ್ಮನ ಮನೆಯವು. ಕೆನಡಿಯ ತಾಯಿಯ ತಂದೆ ಜಾನ್ ಫಿಟ್ಜ್‌ಜೆರಾಲ್ಡ್ ಬಾಸ್ಟನ್ನಿನ ಮೇಯರ್ ಆಗಿದ್ದವರು. ಅಂದರೆ ನಿಜವಾದ ಮನೆತನದ ನಂಟು ಕೆಲವೊಮ್ಮೆ ಹೆಸರಿನ ನಡುವೆ ಅಡಗಿರುತ್ತದೆ, ಕೊನೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಆದರೆ ಇದೂ ಕಡ್ಡಾಯ ನಿಯಮವಲ್ಲ, ಸುಳಿವು ಅಷ್ಟೇ.

ರಾಜ್ಯದ ಹೆಸರು ಸೇರಿಸುವುದು ಎರಡನೆಯ ದಾರಿ. ಅಮೆರಿಕದ ಸಂಸತ್ತಿನ ನಡಾವಳಿಯಲ್ಲೇ ಈ ಪದ್ಧತಿ ಇದೆ, ಒಂದೇ ಹೆಸರಿನ ಇಬ್ಬರಿದ್ದರೆ ರಾಜ್ಯ ಬರೆಯುತ್ತಾರೆ. ಬಹಳ ಸಲ ಸಾಕಾಗುತ್ತದೆ. ಆದರೆ 1973ರಿಂದ 1981ರವರೆಗಿನ ಕೆಳಮನೆ ನೋಡಿ: ಟೆಕ್ಸಸ್‌ನಿಂದ ಚಾರ್ಲ್ಸ್ ವಿಲ್ಸನ್, ಕ್ಯಾಲಿಫೋರ್ನಿಯಾದಿಂದ ಚಾರ್ಲ್ಸ್ ಎಚ್. ವಿಲ್ಸನ್, ಅದೇ ಕ್ಯಾಲಿಫೋರ್ನಿಯಾದಿಂದ ಬಾಬ್ ವಿಲ್ಸನ್. ಮೊದಲ ಹೆಸರು ಹಿಡಿದರೆ ಇಬ್ಬರು ಒಂದಾಗುತ್ತಾರೆ, ರಾಜ್ಯ ಹಿಡಿದರೆ ಇನ್ನಿಬ್ಬರು ಒಂದಾಗುತ್ತಾರೆ.

ನಾನು ಮಾಡುವುದು ಹೀಗೆ. ಪೂರ್ತಿ ಹೆಸರು, ಹುಟ್ಟು ಸಾವಿನ ವರ್ಷ, ರಾಜ್ಯ, ಮುಖ್ಯ ಹುದ್ದೆ. ನಾಲ್ಕೂ ಇದ್ದರೆ ಯಾರೂ ಬೆರೆಯುವುದಿಲ್ಲ. ಜಾಗ ಜಾಸ್ತಿ ತಿನ್ನುತ್ತದೆ, ಪ್ರಕಾಶಕರು ಗೊಣಗುತ್ತಾರೆ, ಗೊಣಗಲಿ. ಪರೀಕ್ಷಿಸಲು ಅಮೆರಿಕದ ಕಾಂಗ್ರೆಸ್ಸೇ ತನ್ನ ಸದಸ್ಯರ ಪರಿಚಯಕೋಶವನ್ನು ಆನ್‌ಲೈನಿನಲ್ಲಿ ಇಟ್ಟಿದೆ. ಅದರಲ್ಲಿ ಪ್ರತಿಯೊಬ್ಬರಿಗೂ ಒಂದು ಅಕ್ಷರ ಮತ್ತು ಆರು ಅಂಕಿಯ ಬೇರೆ ಬೇರೆ ಗುರುತು ಸಂಖ್ಯೆ ಇದೆ. ನಿಮ್ಮ ಕರಡು ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ, ಅಚ್ಚಿಗೆ ಬೇಡ. ಒಂದೇ ಸಮಸ್ಯೆ, ಕಾಂಗ್ರೆಸ್ಸಿಗೆ ಎಂದೂ ಹೋಗದವರು ಅಲ್ಲಿ ಸಿಗುವುದಿಲ್ಲ. ಎಂಜಿನ್ ಚಾರ್ಲಿಗೆ ರಕ್ಷಣಾ ಇಲಾಖೆಯ ಪಟ್ಟಿಯನ್ನೇ ನೋಡಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಹಳ್ಳ ಇದೆ. ಇಂಗ್ಲಿಷಿನಲ್ಲಿ ಕಾಗುಣಿತ ಬೇರೆ ಇರುವ ಹೆಸರುಗಳು ನಮ್ಮ ಲಿಪಿಗೆ ಬಂದಾಗ ಒಂದಾಗುತ್ತವೆ. ಥ್ಯಾಡಿಯಸ್ ಸ್ಟೀವನ್ಸ್ ಪೆನ್ಸಿಲ್ವೇನಿಯಾದವರು, ಗುಲಾಮಗಿರಿಯ ಕಡು ವಿರೋಧಿ. ಅಲೆಕ್ಸಾಂಡರ್ ಸ್ಟೀವನ್ಸ್ ಜಾರ್ಜಿಯಾದವರು, ಗುಲಾಮಗಿರಿ ಉಳಿಸಲು ಒಡೆದುಹೋದ ದಕ್ಷಿಣದ ಒಕ್ಕೂಟಕ್ಕೆ ಉಪಾಧ್ಯಕ್ಷರಾದವರು. ಇಬ್ಬರೂ 1849ರಿಂದ 1853ರವರೆಗೆ ಒಂದೇ ಸದನದಲ್ಲಿ ಕೂತಿದ್ದರು. ಉಚ್ಚಾರ ಒಂದೇ, ಹಾಗಾಗಿ ಕನ್ನಡದಲ್ಲೂ ಒಂದೇ. ‘ಸ್ಟೀವನ್ಸ್ ಹೇಳಿದರು’ ಅಂತ ಬರೆದು ಮುಂದೆ ಹೋದರೆ ಮಕ್ಕಳು ಯಾರ ಬಾಯಲ್ಲಿ ಯಾರ ಮಾತು ಕೇಳುತ್ತಾರೋ ಗೊತ್ತಿಲ್ಲ. ಉಲ್ಟಾ ತೊಂದರೆಯೂ ಇದೆ. ಒಂದು ಕಡೆ ರೂಸ್‌ವೆಲ್ಟ್, ಇನ್ನೊಂದು ಕಡೆ ರೂಜ್ವೆಲ್ಟ್ ಅಂತ ಬರೆದರೆ ಒಬ್ಬರೇ ಇಬ್ಬರಾಗಿ ಸೂಚಿಯಲ್ಲಿ ಕೂರುತ್ತಾರೆ.

ವಂಶವೃಕ್ಷದ ಪುಟ ಹಾಕಿ, ಬೇಡ ಅನ್ನುವುದಿಲ್ಲ. ಆಡಮ್ಸ್, ಹ್ಯಾರಿಸನ್, ರೂಸ್‌ವೆಲ್ಟ್, ಬುಷ್, ಕೆನಡಿ, ಇಷ್ಟು ಸಾಕು. ಯಾರನ್ನಾದರೂ ಸೇರಿಸುವ ಮುಂಚೆ ಒಂದು ಪರೀಕ್ಷೆ ಮಾಡಿ: ಅಪ್ಪ, ಚಿಕ್ಕಪ್ಪ, ಮೊಮ್ಮಗ ಅಂತ ನಡುವಿನ ಪ್ರತಿ ಮೆಟ್ಟಿಲನ್ನೂ ಹೆಸರಿಟ್ಟು ಹೇಳಲು ಬರುತ್ತದಾ? ಬರದಿದ್ದರೆ ಬಿಟ್ಟುಬಿಡಿ. ‘ದೂರದ ಸಂಬಂಧಿಯಂತೆ’ ಅನ್ನುವ ಮಾತು ಮಕ್ಕಳ ಪುಸ್ತಕದಲ್ಲಿ ಬೇಡವೇ ಬೇಡ. ಮೂಲದಲ್ಲಿ ಬರೀ ‘ವಿಲ್ಸನ್’ ಇದ್ದು ಯಾರೆಂದು ಗೊತ್ತೇ ಆಗದಿದ್ದರೆ, ಅವರನ್ನು ಬೇರೆ ಯಾವ ವಿಲ್ಸನ್ ಜೊತೆಗೂ ಸೇರಿಸದೆ ‘ವಿಲ್ಸನ್ (ಪೂರ್ತಿ ಹೆಸರಿಲ್ಲ)’ ಅಂತ ಪ್ರತ್ಯೇಕ ನಮೂದು ಮಾಡಿ. ಸೂಚಿ ಸ್ವಲ್ಪ ಅಪೂರ್ಣವಾಗಿ ಕಾಣುತ್ತದೆ, ಅಷ್ಟೇ ನಷ್ಟ.

ಇನ್ನೊಂದು ಮಾತು, ಸ್ವಾತಂತ್ರ್ಯ ಯುದ್ಧದ ಅಧ್ಯಾಯ ಇದ್ದರೆ ‘ಚಾರ್ಲ್ಸ್ ಲೀ’ ಎಲ್ಲಿದೆ ಅಂತ ನೋಡಿ. ವಾಷಿಂಗ್ಟನ್ ಸೇನೆಯಲ್ಲಿ ಜನರಲ್ ಆಗಿದ್ದ ಚಾರ್ಲ್ಸ್ ಲೀ ಇಂಗ್ಲೆಂಡಿನಲ್ಲಿ ಹುಟ್ಟಿದವರು, ವರ್ಜೀನಿಯಾದ ಲೀ ಮನೆತನದವರಲ್ಲ. ಅದೇ ವಾಷಿಂಗ್ಟನ್ ಅಧ್ಯಕ್ಷರಾದ ಮೇಲೆ 1795ರಲ್ಲಿ ಅಟಾರ್ನಿ ಜನರಲ್ ಮಾಡಿಕೊಂಡ ಚಾರ್ಲ್ಸ್ ಲೀ ಆ ಮನೆತನದವರೇ, ರಾಬರ್ಟ್ ಇ. ಲೀಗೆ ಚಿಕ್ಕಪ್ಪ. ಒಂದೇ ನಮೂದಿನಲ್ಲಿ ಇಬ್ಬರೂ ಸೇರಿದ್ದರೆ ಈಗಲೇ ಬೇರೆ ಮಾಡಿಬಿಡಿ.